ಹಾಲು ಕಾಸಿದಿರಾ?

ಮಕ್ಕಳೇ, ದಿನ ಬೆಳಗಾದರೆ ನಿಮ್ಮ ಮನೆಗೆ ಹಾಲು ಬರುತ್ತದೆ. ಕೆಲವರ ಮನೆಯಲ್ಲಿ ಕೊಟ್ಟಿಗೆಯ ಎಮ್ಮೆಯೇ ಹಾಲು ಕೊಡುತ್ತದೆ. ಕೆಲವರ ಮನೆಗೆ ಗೌಳಿ ಕ್ಯಾನಿನಲ್ಲಿ ತಂದು ಅಳೆದು ಹಾಕುತ್ತಾನೆ. ಇನ್ನು ಕೆಲವರು ಅಂಗಡಿಗೆ ಹೋಗಿ ಹಾಲಿನ ಪಾಕೀಟು ತರುತ್ತಾರೆ. ಹಾಲು ಎಲ್ಲಿಂದಲೇ ಬರಲಿ, ಮನೆಯಲ್ಲಿ ಮೊದಲು ನಡೆಯುವ ಕೆಲಸ ಯಾವುದು? ಅದನ್ನು ಪಾತ್ರೆಗೆ ಸುರಿದು ಒಲೆಯ ಮೇಲೆ ಇಡುವುದು. "ಉಕ್ಕೀತು, ನೋಡಿಕೋ" ಎಂದು ನಿಮ್ಮ ಅವ್ವ ನಿಮ್ಮನ್ನೇ ಎಷ್ಟೋ ಸಲ ಕಾವಲಿಗೆ ನಿಲ್ಲಿಸಿರಬಹುದು.

ಹಾಲನ್ನು ಏಕೆ ಕಾಸಬೇಕು ಎಂದು ನೀವು ಎಂದಾದರೂ ಕೇಳಿದ್ದೀರಾ? "ಕಾಸದಿದ್ದರೆ ಒಡೆಯುತ್ತದೆ" ಎಂದು ಮನೆಯವರು ಹೇಳಿರಬೇಕು. ಆ ಮಾತು ಸರಿ. ಆದರೆ ಅದು ಅರ್ಧ ಉತ್ತರ ಮಾತ್ರ. ಒಡೆದ ಹಾಲು ನಮಗೆ ಮೋಸ ಮಾಡುವುದಿಲ್ಲ. ಅದರ ವಾಸನೆಯೇ "ನನ್ನನ್ನು ಕುಡಿಯಬೇಡ" ಎಂದು ಹೇಳುತ್ತದೆ. ಮೋಸ ಮಾಡುವುದು ಇನ್ನೊಂದು ಬಗೆಯ ಹಾಲು. ಅದು ನೋಡಲು ಬೆಳ್ಳಗಿರುತ್ತದೆ, ಕುಡಿಯಲು ಸಿಹಿಯಾಗಿರುತ್ತದೆ. ಆದರೆ ಅದರಲ್ಲಿ ಕಣ್ಣಿಗೆ ಕಾಣದ ರೋಗಾಣುಗಳು ಇರುತ್ತವೆ. ದೊಡ್ಡವರು ಅದನ್ನು ಹೇಗೋ ತಡೆದುಕೊಂಡಾರು. ಆರು ತಿಂಗಳ ಕೂಸು ತಡೆಯಲಾರದು.

ಈ ಸಂಗತಿ ಜನರಿಗೆ ತಿಳಿಯಲು ಬಹಳ ಕಾಲ ಹಿಡಿಯಿತು. ತಿಳಿಯುವ ಹೊತ್ತಿಗೆ ಎಷ್ಟೋ ತೊಟ್ಟಿಲುಗಳು ಬರಿದಾಗಿದ್ದವು. ಹಾಲನ್ನು ಶುದ್ಧಗೊಳಿಸಿ ಕೂಸುಗಳನ್ನು ಉಳಿಸಲು ಒಂದು ದೊಡ್ಡ ಊರಿನಲ್ಲಿ ನಡೆದ ಹೋರಾಟವನ್ನು ನಾನು ಪುಸ್ತಕಗಳಲ್ಲಿ ಓದಿದ್ದೇನೆ. ಅದನ್ನು ನಿಮಗೆ ಹೇಳುತ್ತೇನೆ. ಆ ಊರು ನಮ್ಮ ದೇಶದ್ದಲ್ಲ, ಅಮೆರಿಕದ ನ್ಯೂಯಾರ್ಕ್. ಆದರೆ ಆ ಹೋರಾಟದಲ್ಲಿ ನಿಮ್ಮಷ್ಟೇ ವಯಸ್ಸಿನ ಮಕ್ಕಳೂ ಇದ್ದರು. ಅದಕ್ಕೇ ಈ ಕಥೆ ನಿಮಗೆ ಸೇರಿದ್ದು.

ಸುಮಾರು ನೂರೆಪ್ಪತ್ತು ವರ್ಷಗಳ ಹಿಂದಿನ ನ್ಯೂಯಾರ್ಕನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಊರು ಬೆಳೆಯುತ್ತಿತ್ತು. ಹಡಗು ಹಡಗು ತುಂಬ ಜನ ಹೊಟ್ಟೆಪಾಡಿಗಾಗಿ ಬಂದು ಇಳಿಯುತ್ತಿದ್ದರು. ಊರೊಳಗೆ ಹುಲ್ಲುಗಾವಲು ಇರಲಿಲ್ಲ. ಆದರೆ ಹಾಲು ಎಲ್ಲರಿಗೂ ಬೇಕಾಗಿತ್ತು. ಆಗ ಕೆಲವು ವ್ಯಾಪಾರಿಗಳು ಒಂದು ಉಪಾಯ ಮಾಡಿದರು. ಮದ್ಯ ತಯಾರಿಸುವ ಭಟ್ಟಿಗಳ ಪಕ್ಕದಲ್ಲೇ ಹಸುಗಳನ್ನು ಕಟ್ಟಿದರು. ಧಾನ್ಯದಿಂದ ಮದ್ಯ ತೆಗೆದ ಮೇಲೆ ಉಳಿಯುವ ಬಿಸಿ ಗಸಿಯನ್ನೇ ಆ ಹಸುಗಳಿಗೆ ಹಾಕಿದರು. ಹಸಿರು ಹುಲ್ಲಿಲ್ಲ, ಬಿಸಿಲಿಲ್ಲ, ಗಾಳಿಯಿಲ್ಲ. ಹಸುಗಳು ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ನಿಂತಲ್ಲೇ ಕಾಯಿಲೆ ಬೀಳುತ್ತಿದ್ದವು. ಕಾಯಿಲೆಯ ಹಸುವಿನ ಹಾಲನ್ನೂ ಕರೆದು ಮಾರುತ್ತಿದ್ದರು. ಆ ಹಾಲು ನೀಲಿ ಬಣ್ಣಕ್ಕೆ ತಿರುಗಿ ತೆಳ್ಳಗಿರುತ್ತಿತ್ತು. ಅದು ಬೆಳ್ಳಗೆ ಕಾಣಲೆಂದು ಸುಣ್ಣದ ಪುಡಿಯಂಥ ಬಿಳಿ ಪುಡಿಗಳನ್ನು ಬೆರೆಸುತ್ತಿದ್ದರು. ಹಿಟ್ಟು ಹಾಕಿ ಗಟ್ಟಿ ಮಾಡುತ್ತಿದ್ದರು. 1858ರಲ್ಲಿ ಒಂದು ಸಚಿತ್ರ ವಾರಪತ್ರಿಕೆ ಈ ಕೊಟ್ಟಿಗೆಗಳ ಚಿತ್ರಗಳನ್ನು ಅಚ್ಚುಮಾಡಿತು. ಊರಿಗೆ ಊರೇ ಬೆಚ್ಚಿಬಿದ್ದಿತು.

ಅಂಥ ಕೊಟ್ಟಿಗೆಗಳ ವಿರುದ್ಧ ಕಾನೂನು ಬಂದಿತು. ಹಳ್ಳಿಗಳಿಂದ ರೈಲಿನಲ್ಲಿ ಊರಿಗೆ ಬರುವ ಹಾಲು ನಿಧಾನವಾಗಿ ಹೆಚ್ಚಿತು. ಆದರೂ ಕೂಸುಗಳ ಸಾವು ನಿಲ್ಲಲಿಲ್ಲ. ಏಕೆ ಗೊತ್ತೇ? ಹಳ್ಳಿಯಲ್ಲಿ ಕರೆದ ಹಾಲು ಕೂಸಿನ ಬಾಯಿಗೆ ಬರುವ ಹೊತ್ತಿಗೆ ಒಂದೆರಡು ದಿನ ಕಳೆದಿರುತ್ತಿತ್ತು. ಅಂಗಡಿಯಲ್ಲಿ ಮುಚ್ಚಳವಿಲ್ಲದ ಕ್ಯಾನಿನಲ್ಲಿ ನೊಣಗಳ ನಡುವೆ ಅದು ಇರುತ್ತಿತ್ತು. ಬೇಸಿಗೆಯ ಬಿಸಿಯಲ್ಲಿ ರೋಗಾಣುಗಳು ಒಂದಕ್ಕೆ ಎರಡು, ಎರಡಕ್ಕೆ ನಾಲ್ಕಾಗಿ ಬೆಳೆಯುತ್ತಿದ್ದವು. ಬೇಸಿಗೆ ಬಂತೆಂದರೆ ಕೂಸುಗಳಿಗೆ ವಾಂತಿಭೇದಿ ಹತ್ತುತ್ತಿತ್ತು. ಮೈಯೊಳಗಿನ ನೀರೆಲ್ಲ ಹೋಗಿ, ನಾಲ್ಕಾರು ದಿನಗಳಲ್ಲಿ ಕೂಸು ಕಣ್ಣು ಮುಚ್ಚುತ್ತಿತ್ತು.

ಅದೇ ಕಾಲದಲ್ಲಿ ಫ್ರಾನ್ಸ್ ದೇಶದಲ್ಲಿ ಲೂಯಿ ಪಾಶ್ಚರ್ ಎಂಬ ವಿಜ್ಞಾನಿ ಇದ್ದರು. ದ್ರಾಕ್ಷಾರಸದ ಮದ್ಯ ಹುಳಿಯಾಗುವುದು ಏಕೆ ಎಂದು ಅವರು ಹುಡುಕುತ್ತಿದ್ದರು. ಅದಕ್ಕೆ ಸೂಕ್ಷ್ಮಜೀವಿಗಳೇ ಕಾರಣ ಎಂದು ಕಂಡುಕೊಂಡರು. ಮದ್ಯವನ್ನು ಕುದಿಸದೆ, ಹದವಾಗಿ ಬಿಸಿ ಮಾಡಿದರೆ ಅದು ಕೆಡುವುದಿಲ್ಲ ಎಂದು 1860ರ ದಶಕದಲ್ಲಿ ತೋರಿಸಿಕೊಟ್ಟರು. ಮುಂದೆ ಬೇರೆ ವಿಜ್ಞಾನಿಗಳು ಇದೇ ಉಪಾಯವನ್ನು ಹಾಲಿಗೆ ಅನ್ವಯಿಸಿದರು. ಇದಕ್ಕೆ ಪಾಶ್ಚರೀಕರಣ ಎಂದು ಹೆಸರು. ಈಗ ಡೇರಿಗಳಲ್ಲಿ ಹಾಲನ್ನು 63 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 30 ನಿಮಿಷ ಇಡುತ್ತಾರೆ, ಇಲ್ಲವೆ 72 ಡಿಗ್ರಿಯಲ್ಲಿ 15 ಸೆಕೆಂಡು ಇಡುತ್ತಾರೆ. ಆಮೇಲೆ ಕೂಡಲೇ ತಂಪು ಮಾಡುತ್ತಾರೆ. ಇದರಿಂದ ಕ್ಷಯ, ಟೈಫಾಯಿಡ್ ಮುಂತಾದ ರೋಗಗಳ ಅಣುಗಳು ಸಾಯುತ್ತವೆ. ಹಾಲಿನ ರುಚಿ ಹೆಚ್ಚು ಬದಲಾಗುವುದಿಲ್ಲ.

ಉಪಾಯವೇನೋ ಸಿಕ್ಕಿತು. ಆದರೆ ಪುಸ್ತಕದಲ್ಲಿ ಇರುವ ಉಪಾಯ ಬಡವರ ಕೂಸಿನ ಬಾಯಿಗೆ ಬರುವುದು ಹೇಗೆ? ಆ ಕೆಲಸಕ್ಕೆ ನಿಂತವರು ನೇಥನ್ ಸ್ಟ್ರಾಸ್ ಎಂಬ ವ್ಯಾಪಾರಿ. ಇವರು 1848ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಅಮೆರಿಕಕ್ಕೆ ಬಂದವರು. ನ್ಯೂಯಾರ್ಕಿನ ಹೆಸರಾಂತ ದೊಡ್ಡ ಅಂಗಡಿಯೊಂದರ ಮಾಲೀಕರಲ್ಲಿ ಒಬ್ಬರಾಗಿದ್ದರು. ಹಣಕ್ಕೆ ಕೊರತೆ ಇರಲಿಲ್ಲ. ಆದರೂ ತಮ್ಮ ಇಬ್ಬರು ಮಕ್ಕಳನ್ನು ಅವರು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡಿದ್ದರು. 1892ರಲ್ಲಿ ಅವರ ಮನೆಯ ಹಸುವೊಂದು ಸತ್ತಿತು. ನೋಡಲು ಅದು ಚೆನ್ನಾಗಿಯೇ ಇತ್ತು. ಪರೀಕ್ಷೆ ಮಾಡಿಸಿದಾಗ ಅದಕ್ಕೆ ಕ್ಷಯರೋಗ ಇದ್ದುದು ತಿಳಿಯಿತು. ಮನೆಯವರು ದಿನವೂ ಕುಡಿಯುತ್ತಿದ್ದುದು ಅದೇ ಹಸುವಿನ ಹಾಲನ್ನು!

ಮರುವರ್ಷ, 1893ರಲ್ಲಿ, ಸ್ಟ್ರಾಸರು ತಮ್ಮ ಸ್ವಂತ ಹಣದಿಂದ ನ್ಯೂಯಾರ್ಕಿನ ನದೀತೀರದ ಬಡ ಬಡಾವಣೆಯಲ್ಲಿ ಒಂದು ಹಾಲಿನ ಕೇಂದ್ರ ತೆರೆದರು. ಅಲ್ಲಿ ಪಾಶ್ಚರೀಕರಿಸಿದ ಹಾಲು ಅತಿ ಕಡಿಮೆ ಬೆಲೆಗೆ ಸಿಗುತ್ತಿತ್ತು. ಹಣ ಇಲ್ಲದವರಿಗೆ ಪುಕ್ಕಟೆಯಾಗಿ ಸಿಗುತ್ತಿತ್ತು. ಹಾಲನ್ನು ಸಣ್ಣ ಸಣ್ಣ ಬಾಟಲಿಗಳಲ್ಲಿ ತುಂಬಿಸಿದ್ದರು. ಒಂದು ಬಾಟಲಿಯಲ್ಲಿ ಕೂಸು ಒಂದು ಸಲ ಕುಡಿಯುವಷ್ಟೇ ಹಾಲು. ಇದರ ಹಿಂದಿನ ಜಾಣತನ ನೋಡಿರಿ. ಬಾಟಲಿ ತೆರೆದರೆ ಹಾಲು ಅಲ್ಲಿಗೇ ಮುಗಿಯುತ್ತದೆ. ಉಳಿದ ಹಾಲು ಬಿಸಿಲಲ್ಲಿ ಕೆಡುವ ಮಾತೇ ಇಲ್ಲ. ಕೇಂದ್ರದಲ್ಲಿ ವೈದ್ಯರು ಕೂಸುಗಳನ್ನು ಪುಕ್ಕಟೆಯಾಗಿ ನೋಡುತ್ತಿದ್ದರು. ಉದ್ಯಾನಗಳಲ್ಲಿ ಒಂದು ಲೋಟ ಶುದ್ಧ ಹಾಲು ಒಂದೇ ಸೆಂಟಿಗೆ ಸಿಗುವ ಹಾಗೆಯೂ ಅವರು ಮಾಡಿದರು.

ಎಲ್ಲರೂ ಇದನ್ನು ಒಪ್ಪಲಿಲ್ಲ. "ಬಿಸಿ ಮಾಡಿದರೆ ಹಾಲಿನ ಸತ್ವ ಹೋಗುತ್ತದೆ" ಎಂದು ಕೆಲವರು ಹೇಳಿದರು. "ಕೊಟ್ಟಿಗೆಯನ್ನೇ ಸ್ವಚ್ಛವಾಗಿಟ್ಟರೆ ಹಾಲನ್ನು ಬಿಸಿ ಮಾಡುವುದೇಕೆ?" ಎಂದು ಕೆಲವು ವೈದ್ಯರು ಕೇಳಿದರು. ಆ ಮಾತಿನಲ್ಲಿಯೂ ನಿಜವಿತ್ತು. ಕೊಟ್ಟಿಗೆ ಸ್ವಚ್ಛವಾಗಿರಲೇಬೇಕು. ಆದರೆ ಅಷ್ಟು ಜೋಪಾನವಾಗಿ ಕರೆದ ಹಾಲಿನ ಬೆಲೆ ಬಹಳ. ಬಡವರು ಅದನ್ನು ಕೊಳ್ಳಲಾರರು.

ಇಂಥ ವಾದ ಮುಗಿಯುವುದು ಹೇಗೆ? ಲೆಕ್ಕದಿಂದ. ನ್ಯೂಯಾರ್ಕಿನ ರಾಂಡಲ್ಸ್ ದ್ವೀಪದಲ್ಲಿ ಅನಾಥ ಕೂಸುಗಳಿಗಾಗಿ ಒಂದು ಆಶ್ರಮವಿತ್ತು. 1897ರಲ್ಲಿ ಅಲ್ಲಿದ್ದ 1,181 ಮಕ್ಕಳಲ್ಲಿ 524 ಮಕ್ಕಳು ಸತ್ತರು. ಸ್ಟ್ರಾಸರು ಅಲ್ಲಿ ಹಾಲು ಪಾಶ್ಚರೀಕರಿಸುವ ಯಂತ್ರವನ್ನು ಹಾಕಿಸಿಕೊಟ್ಟರು. 1898ರಲ್ಲಿ ಅಲ್ಲಿದ್ದ ಮಕ್ಕಳು 1,284, ಸತ್ತವರು 255. ನಿಮ್ಮ ಪಾಟಿ ತೆಗೆದು ಶೇಕಡಾ ಲೆಕ್ಕ ಮಾಡಿ ನೋಡಿರಿ. ಮೊದಲು ನೂರು ಮಕ್ಕಳಲ್ಲಿ ಸುಮಾರು 44 ಮಕ್ಕಳು ಸಾಯುತ್ತಿದ್ದರು. ಮರುವರ್ಷ ಆ ಸಂಖ್ಯೆ ಸುಮಾರು 20ಕ್ಕೆ ಇಳಿಯಿತು. ಈ ಲೆಕ್ಕವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತುಬಿಟ್ಟೆ. 255 ಕೂಡ ಸಣ್ಣ ಸಂಖ್ಯೆಯಲ್ಲ. ಆದರೆ ಹಾಲನ್ನು ಬಿಸಿ ಮಾಡುವ ಒಂದೇ ಕೆಲಸದಿಂದ ಇಷ್ಟು ತೊಟ್ಟಿಲುಗಳು ಉಳಿದವಲ್ಲ!

ಮುಂದೆ 1908ರಲ್ಲಿ ಷಿಕಾಗೋ ನಗರವು ಹಾಲಿನ ಪಾಶ್ಚರೀಕರಣಕ್ಕಾಗಿ ಕಾನೂನು ಮಾಡಿತು. ಕೆಲವು ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿಯೂ ಅಂಥ ಕಾನೂನು ಬಂದಿತು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಶುದ್ಧ ಹಾಲು ಮನೆಯ ಬಾಗಿಲವರೆಗೆ ಬಂದಿತು. ಮನೆಯೊಳಗೆ ಹೋದ ಮೇಲೆ? ಬಾಟಲಿ ತೊಳೆಯದಿದ್ದರೆ? ಹಾಲನ್ನು ಕಿಟಕಿಯ ಬಿಸಿಲಲ್ಲಿ ತೆರೆದು ಇಟ್ಟರೆ? ಈ ಪ್ರಶ್ನೆಗಳನ್ನು ಕೇಳಿದವರು ಸಾರಾ ಜೋಸೆಫಿನ್ ಬೇಕರ್ ಎಂಬ ವೈದ್ಯೆ. ಇವರು 1873ರಲ್ಲಿ ಹುಟ್ಟಿದರು. ಹದಿನಾರನೆಯ ವಯಸ್ಸಿನಲ್ಲಿ ತಮ್ಮ ತಂದೆಯನ್ನೂ ಸೋದರನನ್ನೂ ಕಳೆದುಕೊಂಡರು. ಮನೆಗೆ ಆಸರೆಯಾಗಬೇಕೆಂದು ವೈದ್ಯಕೀಯ ಓದಿದರು. ಆಗ ಹೆಣ್ಣುಮಕ್ಕಳು ವೈದ್ಯರಾಗುವುದು ಅಪರೂಪ. ಆಮೇಲೆ ನ್ಯೂಯಾರ್ಕಿನ ಆರೋಗ್ಯ ಇಲಾಖೆಯಲ್ಲಿ ತಪಾಸಣೆಯ ಕೆಲಸಕ್ಕೆ ಸೇರಿದರು. ಬಿರುಬೇಸಿಗೆಯಲ್ಲಿ ಬಡವರ ಎತ್ತರದ ಕಟ್ಟಡಗಳ ಮೆಟ್ಟಿಲು ಹತ್ತಿ ಇಳಿದು, ಮನೆ ಮನೆಗೆ ಹೋಗಿ ಕಾಯಿಲೆಯ ಕೂಸುಗಳನ್ನು ಹುಡುಕುವುದೇ ಅವರ ಕೆಲಸವಾಗಿತ್ತು. ಹುಡುಕಿ ಸಿಕ್ಕ ಕೂಸುಗಳಲ್ಲಿ ಎಷ್ಟೋ ಕೂಸುಗಳನ್ನು ಉಳಿಸುವ ಹೊತ್ತು ಮೀರಿಹೋಗಿರುತ್ತಿತ್ತು.

ಆಗ ಅವರಿಗೆ ಒಂದು ವಿಚಾರ ಹೊಳೆಯಿತು. ಕಾಯಿಲೆಯ ಕೂಸನ್ನು ಹುಡುಕುವ ಬದಲು ಚೆನ್ನಾಗಿರುವ ಕೂಸನ್ನೇ ಹುಡುಕಿದರೆ? ಕಾಯಿಲೆ ಬರುವ ಮೊದಲೇ ತಾಯಿಯ ಬಳಿ ಹೋದರೆ? 1908ರ ಬೇಸಿಗೆಯಲ್ಲಿ ಶಾಲೆಗಳಿಗೆ ರಜೆ ಇತ್ತು. ಶಾಲೆಗಳ ಮೂವತ್ತು ನರ್ಸಮ್ಮಂದಿರಿಗೆ ಕೆಲಸವಿರಲಿಲ್ಲ. ಬೇಕರ್ ಅವರನ್ನು ತಮ್ಮ ಜೊತೆಗೆ ಕರೆದುಕೊಂಡರು. ಬಡವರೇ ತುಂಬಿದ್ದ ಒಂದು ಬಡಾವಣೆಯನ್ನು ಆರಿಸಿಕೊಂಡರು. ಅಲ್ಲಿ ಯಾವ ಮನೆಯಲ್ಲಿ ಕೂಸು ಹುಟ್ಟಿತೆಂದು ದಾಖಲಾದರೂ ಮರುದಿನವೇ ನರ್ಸಮ್ಮ ಆ ಮನೆಗೆ ಹೋಗುತ್ತಿದ್ದಳು. ಅವಳ ಚೀಲದಲ್ಲಿ ದುಬಾರಿ ಔಷಧ ಇರಲಿಲ್ಲ. ಅವಳು ಹೇಳುತ್ತಿದ್ದ ಮಾತುಗಳು ಇಷ್ಟೆ: ತಾಯಿಯ ಹಾಲು ಕುಡಿಸಿರಿ. ಕೂಸಿಗೆ ದಿನವೂ ಸ್ನಾನ ಮಾಡಿಸಿರಿ. ಬೇಸಿಗೆಯಲ್ಲಿ ತೆಳುವಾದ ಬಟ್ಟೆ ಹಾಕಿರಿ. ಕಿಟಕಿ ತೆರೆಯಿರಿ, ಗಾಳಿ ಬರಲಿ.

ಬೇಸಿಗೆ ಮುಗಿಯಿತು. ಹಿಂದಿನ ವರ್ಷದ ಬೇಸಿಗೆಗೆ ಹೋಲಿಸಿದರೆ ಆ ಬಡಾವಣೆಯಲ್ಲಿ ಸತ್ತ ಕೂಸುಗಳ ಸಂಖ್ಯೆ 1,200ರಷ್ಟು ಕಡಿಮೆಯಾಗಿತ್ತು ಎಂದು ಬೇಕರ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಮಕ್ಕಳ ಆರೋಗ್ಯಕ್ಕಾಗಿಯೇ ಒಂದು ಪ್ರತ್ಯೇಕ ವಿಭಾಗ ಆರಂಭವಾಯಿತು. ಬೇಕರ್ ಅದರ ಮುಖ್ಯಸ್ಥರಾದರು. ಮುಂದೆ ನಗರವೇ ತನ್ನ ಹಣದಿಂದ ಹಾಲಿನ ಕೇಂದ್ರಗಳನ್ನು ತೆರೆಯಿತು.

ಮಕ್ಕಳೇ, ನಿಮ್ಮ ವಯಸ್ಸಿನವರು ಈ ಕಥೆಯೊಳಗೆ ಬರುವುದು ಈಗ. ಬಡವರ ಮನೆಯಲ್ಲಿ ತಂದೆತಾಯಿ ಇಬ್ಬರೂ ದುಡಿಯಲು ಹೋಗುತ್ತಿದ್ದರು. ಕೂಸನ್ನು ನೋಡಿಕೊಳ್ಳುವವರು ಯಾರು? ಮನೆಯ ಅಕ್ಕ. ಅವಳಿಗೆ ಎಂಟೋ ಹತ್ತೋ ಹನ್ನೆರಡೋ ವರ್ಷ. ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡೇ ಅವಳು ಬೀದಿಯಲ್ಲಿ ಆಡುತ್ತಿದ್ದಳು. ಅಂಥವರನ್ನು ಜನ 'ಪುಟ್ಟ ತಾಯಂದಿರು' ಎಂದು ಕರೆಯುತ್ತಿದ್ದರು. ಈ ಹುಡುಗಿಯರಿಗೆ ಕಲಿಸಿದರೆ ಕೂಸುಗಳು ಉಳಿಯುತ್ತವೆ ಎಂದು ಬೇಕರ್ ಅರಿತರು. ಶಾಲೆ ಶಾಲೆಗಳಲ್ಲಿ 'ಪುಟ್ಟ ತಾಯಂದಿರ ಸಂಘ'ಗಳನ್ನು ಕಟ್ಟಿದರು. ಹನ್ನೆರಡು ತುಂಬಿದ ಹುಡುಗಿಯರು ಅದರ ಸದಸ್ಯರು. ಕೂಸನ್ನು ಹೇಗೆ ಎತ್ತಿಕೊಳ್ಳಬೇಕು, ಹೇಗೆ ಸ್ನಾನ ಮಾಡಿಸಬೇಕು, ಬಾಟಲಿ ಹೇಗೆ ಶುಚಿ ಮಾಡಬೇಕು, ಹಾಲನ್ನು ಹೇಗೆ ತಂಪಾಗಿ ಇಡಬೇಕು ಎಂದು ವೈದ್ಯರೂ ನರ್ಸಮ್ಮಂದಿರೂ ಕಲಿಸುತ್ತಿದ್ದರು. ಹುಡುಗಿಯರು ಎದೆಯ ಮೇಲೆ ಸಂಘದ ಬಿಲ್ಲೆ ಧರಿಸಿ, ತಾವು ಕಲಿತದ್ದನ್ನು ನೆರೆಮನೆಯ ತಾಯಂದಿರಿಗೆ ಹೇಳುತ್ತಿದ್ದರು. ಬೇರೆ ದೇಶಗಳಿಂದ ಬಂದ ಎಷ್ಟೋ ತಾಯಂದಿರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನರ್ಸಮ್ಮನ ಮಾತು ಅವರಿಗೆ ಅರ್ಥವಾಗುತ್ತಿರಲಿಲ್ಲ. ಮಗಳು ಮನೆಮಾತಿನಲ್ಲಿ ಹೇಳಿದರೆ ಅರ್ಥವಾಗುತ್ತಿತ್ತು.

ಇದು ನಮಗೆ ಚೆನ್ನಾಗಿ ತಿಳಿದ ಸಂಗತಿ, ಅಲ್ಲವೇ? ದವಾಖಾನೆಯ ಗೋಡೆಯ ಮೇಲಿನ ಫಲಕವನ್ನು ಮರಾಠಿಯಲ್ಲಿ ಓದಿ, ಮನೆಗೆ ಬಂದು ಅವ್ವನಿಗೆ ಕನ್ನಡದಲ್ಲಿ ಹೇಳುವ ಮಕ್ಕಳು ನಮ್ಮ ಗಡಿಭಾಗದಲ್ಲಿ ಎಷ್ಟಿಲ್ಲ!

ಬೇಕರ್ 1923ರಲ್ಲಿ ನಿವೃತ್ತರಾದರು. ಆ ಹೊತ್ತಿಗೆ ಅಮೆರಿಕದ ದೊಡ್ಡ ನಗರಗಳಲ್ಲಿ ಎಲ್ಲಕ್ಕಿಂತ ಕಡಿಮೆ ಶಿಶುಮರಣ ಇದ್ದ ನಗರ ನ್ಯೂಯಾರ್ಕ್.

ಈ ಕಥೆಯನ್ನು ಓದುವಾಗಲೆಲ್ಲ ನನಗೆ ನನ್ನ ಅಜ್ಜಿಯ ನೆನಪಾಗುತ್ತದೆ. ನಾನು ಹುಟ್ಟಿ ಬೆಳೆದದ್ದು ಅಕ್ಕಲಕೋಟೆ ಕಡೆಯ ಒಂದು ಹಳ್ಳಿಯಲ್ಲಿ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಹಾಲಿನ ವಿಷಯದಲ್ಲಿ ಅವಳ ಶಿಸ್ತು ಬಲು ಬಿಗಿ. ಹಾಲಿನ ಗಡಿಗೆಯನ್ನು ಬೇರೆ ಯಾವುದಕ್ಕೂ ಬಳಸಗೊಡುತ್ತಿರಲಿಲ್ಲ. ಹಾಲು ಕರೆಯುವ ಚರಿಗೆಯನ್ನು ಬೂದಿ ಹಚ್ಚಿ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಕುಳ್ಳಿನ ಸಣ್ಣ ಉರಿಯಲ್ಲಿ ಹಾಲು ಕಾಯುತ್ತಿತ್ತು. ಕಾದ ಹಾಲನ್ನು ಮುಚ್ಚಿ ನೆಲುವಿನ ಮೇಲೆ ಇಡುತ್ತಿದ್ದಳು. "ಕಾಸಲಾರದ ಹಾಲು ಕೂಸಿಗೆ ಕುಡಸಬ್ಯಾಡ್ರೇ" ಎಂದು ಸೊಸೆಯಂದಿರಿಗೆ ಹೇಳುತ್ತಲೇ ಇರುತ್ತಿದ್ದಳು. ರೋಗಾಣು ಎಂಬ ಶಬ್ದ ಅವಳಿಗೆ ಗೊತ್ತಿರಲಿಲ್ಲ. ಆದರೂ ಅವಳು ಮಾಡುತ್ತಿದ್ದುದು ಪಾಶ್ಚರ್ ಹೇಳಿದ ಕೆಲಸವನ್ನೇ.

ಆಯಿ ಒಂಬತ್ತು ಮಕ್ಕಳನ್ನು ಹೆತ್ತವಳು. ಅವರಲ್ಲಿ ನಾಲ್ವರು ವರ್ಷ ತುಂಬುವ ಮೊದಲೇ ತೀರಿಹೋದರು. ಏನಾಗಿತ್ತು ಎಂದು ನಾನು ಒಮ್ಮೆ ಕೇಳಿದೆ. "ಒಂದಕ್ಕ ಜ್ವರ, ಎರಡಕ್ಕ ಭೇದಿ, ಕಡೀದಕ್ಕ ಏನಾತೋ ತಿಳೀಲಿಲ್ಲ. ಕೊಟ್ಟಾಂವಾ ಅವನ, ಒಯ್ದಾಂವಾ ಅವನ" ಎಂದಳು. ಯಾವ ರೋಗ ಎಂದು ಹೇಳಬಲ್ಲ ವೈದ್ಯರು ಆಗ ನಮ್ಮ ಊರಲ್ಲಿ ಇರಲಿಲ್ಲ. ಅವಳ ಒಲೆಯ ಮೇಲಿನ ಹಾಲು ಶುದ್ಧವಾಗಿತ್ತು. ಆದರೆ ಹಳ್ಳದ ನೀರು ಶುದ್ಧವಾಗಿರಲಿಲ್ಲ. ಲಸಿಕೆ ಇರಲಿಲ್ಲ. ಬಾಗಿಲಿಗೆ ಬರುವ ನರ್ಸಮ್ಮ ಇರಲಿಲ್ಲ. ಒಬ್ಬ ತಾಯಿಯ ಶಿಸ್ತು ಎಷ್ಟೇ ದೊಡ್ಡದಾದರೂ ಒಂದು ಮನೆಗಷ್ಟೇ ಆಗುತ್ತದೆ. ಊರಿನ ನೀರು, ಊರಿನ ಹಾಲು, ಊರಿನ ದವಾಖಾನೆಗಳನ್ನು ಎಲ್ಲರೂ ಸೇರಿಯೇ ಸರಿಪಡಿಸಬೇಕು.

ನಮ್ಮ ದೇಶದಲ್ಲಿಯೂ ಅಂಥ ಕೆಲಸ ನಡೆಯಿತು. ನಮ್ಮ ರಾಜ್ಯದ ಮುಂಬಯಿಯನ್ನೇ ನೋಡಿರಿ. ಅಲ್ಲಿಯೂ ಊರೊಳಗಿನ ಇಕ್ಕಟ್ಟಾದ ತಬೇಲಾಗಳಲ್ಲಿ ಎಮ್ಮೆಗಳನ್ನು ಕಟ್ಟುತ್ತಿದ್ದರು. ಅವುಗಳನ್ನು ಊರ ಹೊರಗೆ ಸಾಗಿಸಲೆಂದು 1949ರಲ್ಲಿ ಗೋರೆಗಾಂವ್ ಬಳಿ ಆರೇ ಹಾಲಿನ ಕಾಲನಿ ಆರಂಭವಾಯಿತು. ಗುಜರಾತದ ಆಣಂದದ ರೈತರು 1946ರಲ್ಲಿ ತಮ್ಮದೇ ಸಹಕಾರಿ ಸಂಘ ಕಟ್ಟಿದರು. 1948ರಿಂದ ಹಾಲನ್ನು ಪಾಶ್ಚರೀಕರಿಸಿ ರೈಲಿನಲ್ಲಿ ಮುಂಬಯಿಗೆ ಕಳುಹಿಸತೊಡಗಿದರು. ಆಣಂದದಿಂದ ಮುಂಬಯಿಗೆ 400 ಕಿಲೋಮೀಟರಿಗೂ ಹೆಚ್ಚು ದೂರ. ಹಸಿಹಾಲು ಅಷ್ಟು ದೂರ ಕೆಡದೆ ಬರುವುದು ಸಾಧ್ಯವೇ? ಪಾಶ್ಚರೀಕರಣದಿಂದಲೇ ಅದು ಸಾಧ್ಯವಾಯಿತು. ಇಂದು ನೀವು ತರುವ ಪಾಕೀಟಿನ ಮೇಲೆ 'ಪಾಶ್ಚರೀಕರಿಸಿದ ಹಾಲು' ಎಂದು ಅಚ್ಚಾಗಿರುತ್ತದೆ. ನಾಳೆ ಹುಡುಕಿ ಓದಿರಿ.

ಭಾರತದಲ್ಲಿ 1971ರಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2023ರಲ್ಲಿ ಆ ಸಂಖ್ಯೆ 25ಕ್ಕೆ ಇಳಿದಿತ್ತು. ಲಸಿಕೆ, ಶುದ್ಧ ನೀರು, ಆಸ್ಪತ್ರೆಯಲ್ಲಿ ಹೆರಿಗೆ, ಭೇದಿಯಾದಾಗ ಕುಡಿಸುವ ಉಪ್ಪು ಸಕ್ಕರೆಯ ನೀರು, ಇವೆಲ್ಲ ಸೇರಿ ಈ ಕೆಲಸ ಮಾಡಿವೆ. ಮನೆ ಮನೆಗೆ ಹೋಗುವ ನಮ್ಮ ಅಂಗನವಾಡಿ ತಾಯಿಯನ್ನೂ ಆಶಾ ಕಾರ್ಯಕರ್ತೆಯನ್ನೂ ನೋಡಿದಾಗ ನನಗೆ ನ್ಯೂಯಾರ್ಕಿನ ಆ ಮೂವತ್ತು ನರ್ಸಮ್ಮಂದಿರು ನೆನಪಾಗುತ್ತಾರೆ. ಆದರೆ 25 ಎಂಬುದು ಸೊನ್ನೆಯಲ್ಲ. ಕೆಲಸ ಇನ್ನೂ ಉಳಿದಿದೆ.

ಅದರಲ್ಲಿ ನಿಮ್ಮ ಪಾಲು ಯಾವುದು? ನಿಮ್ಮ ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಈ ಮಾತುಗಳನ್ನು ನೆನಪಿಡಿರಿ. ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲು ಮಾತ್ರ ಸಾಕು. ನೀರು ಕೂಡ ಬೇಡ. ಕೂಸನ್ನು ಎತ್ತಿಕೊಳ್ಳುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಮನೆಗೆ ತಂದ ಹಾಲನ್ನು ಕಾಸಿ, ಮುಚ್ಚಿ, ತಂಪಾದ ಜಾಗದಲ್ಲಿ ಇಡಿರಿ. ಹಾಲಿನ ಪಾತ್ರೆಯನ್ನು ಪ್ರತಿಸಲ ತೊಳೆದು ಒಣಗಿಸಿರಿ. ಕೂಸಿಗೆ ಭೇದಿ ಹತ್ತಿದರೆ ತಡಮಾಡದೆ ದೊಡ್ಡವರಿಗೆ ಹೇಳಿರಿ, ದವಾಖಾನೆಗೆ ಕರೆದುಕೊಂಡು ಹೋಗಲು ಹಟ ಮಾಡಿರಿ. ಈ ಹಟ ಒಳ್ಳೆಯ ಹಟ.

ಹುಡುಗರೇ, ಇದು ಅಕ್ಕತಂಗಿಯರ ಕೆಲಸ ಎಂದು ನೀವು ದೂರ ಸರಿಯಬೇಡಿರಿ. ನ್ಯೂಯಾರ್ಕಿನ ಸಂಘದಲ್ಲಿ ಹುಡುಗಿಯರು ಮಾತ್ರ ಇದ್ದರು. ನಿಮ್ಮ ಶಾಲೆಯಲ್ಲಿ ಅಂಥ ಸಂಘ ಕಟ್ಟಿದರೆ ಅದರಲ್ಲಿ ಹುಡುಗರೂ ಇರಲಿ. ನಿಮ್ಮ ಗುರುಗಳನ್ನು ಕೇಳಿ ನೋಡಿರಿ. ಮುಂದಿನ ಶನಿವಾರ ಅಂಗನವಾಡಿ ತಾಯಿಯನ್ನು ಶಾಲೆಗೆ ಕರೆಯಿರಿ. ನಿಮ್ಮ ಓಣಿಯಲ್ಲಿ ವರ್ಷ ತುಂಬದ ಕೂಸುಗಳು ಎಷ್ಟಿವೆ ಎಂದು ಅವರ ಜೊತೆಗೂಡಿ ಪಟ್ಟಿ ಮಾಡಿರಿ. ಕೆಲಸವನ್ನು ಆ ಪಟ್ಟಿಯಿಂದಲೇ ಆರಂಭಿಸಬಹುದು.

ಅಭ್ಯಾಸ

1. ನ್ಯೂಯಾರ್ಕಿನ ಕೊಟ್ಟಿಗೆಗಳ ಹಾಲು ಏಕೆ ಕೆಟ್ಟದ್ದಾಗಿತ್ತು?
2. ಸ್ಟ್ರಾಸರು ಹಾಲನ್ನು ಸಣ್ಣ ಬಾಟಲಿಗಳಲ್ಲಿ ತುಂಬಿಸಿದ್ದು ಏಕೆ?
3. ಬೇಕರ್ ಅವರು ಚೆನ್ನಾಗಿರುವ ಕೂಸುಗಳ ಮನೆಗೆ ನರ್ಸಮ್ಮಂದಿರನ್ನು ಏಕೆ ಕಳುಹಿಸಿದರು?
4. 'ಪುಟ್ಟ ತಾಯಂದಿರ ಸಂಘ' ಏನು ಕೆಲಸ ಮಾಡುತ್ತಿತ್ತು? ನಾಲ್ಕೈದು ವಾಕ್ಯಗಳಲ್ಲಿ ಬರೆಯಿರಿ.
5. ನಿಮ್ಮ ಅಜ್ಜಿ ಹಾಲನ್ನು ಹೇಗೆ ಕಾಸಿ ಇಡುತ್ತಿದ್ದರು ಎಂದು ಕೇಳಿ ತಿಳಿದು ಬರೆಯಿರಿ.